ಆರ್ಡಿತ್ ಲೀಮನ್ ಬರೆದ ಕೊನೆಯ ನಡಾವಳಿ

ಪೆರಿನ್ ಮಿಲ್ ಎಂಬ ನಮ್ಮೂರಿನಿಂದ ದೇವರಿಗೆ ಹೋದ ಮನವಿಗಳಿಗೆಲ್ಲ ತಾರೀಖು ಹಾಕಿದ ದಾಖಲೆಯಿದೆ. ಟೌನ್ ಹಾಲಿನ ಹಿಂದಿನ ಕೋಣೆಯ ಕಬ್ಬಿಣದ ಬೀರುವಿನಲ್ಲಿ, ಹಸಿರು ರಟ್ಟಿನ ಇಪ್ಪತ್ತಾರು ಪುಸ್ತಕಗಳಲ್ಲಿ, ಆರ್ಡಿತ್ ಲೀಮನ್ ಅವರ ದುಂಡು ಅಕ್ಷರದಲ್ಲಿ. ಪ್ರತಿ ತಿಂಗಳ ಎರಡನೆಯ ಮಂಗಳವಾರ ಸಂಜೆ ಏಳಕ್ಕೆ ಕೌನ್ಸಿಲ್ ಸೇರುತ್ತದೆ. ಮೊದಲು ಪ್ರಾರ್ಥನೆ, ಆಮೇಲೆ ಚರಂಡಿ. ಕ್ಲರ್ಕ್ ಆಗಿದ್ದ ಆರ್ಡಿತ್ ಎರಡನ್ನೂ ಒಂದೇ ಮಸಿಯಲ್ಲಿ ಬರೆಯುತ್ತಿದ್ದರು. 'ಪ್ರಾರ್ಥನೆ: ಬ್ರದರ್ ರಸ್. ಆರಂಭ 7:00, ಮುಕ್ತಾಯ 7:11.' ಆ ಹನ್ನೊಂದು ನಿಮಿಷದಲ್ಲಿ ಬ್ರದರ್ ರಸ್ ಏನೇನು ಕೇಳಿಕೊಂಡ ಎಂದು ಬರೆಯುತ್ತಿರಲಿಲ್ಲ. ಅದು ಕೇಳಿದವನಿಗೂ ಕೇಳಿಸಿಕೊಂಡವನಿಗೂ ಬಿಟ್ಟದ್ದು ಎನ್ನುವುದು ಅವರ ಮತ.

ಐದು ಜನ ಸದಸ್ಯರಲ್ಲಿ ನಾನೂ ಒಬ್ಬ. ಹೆಸರು ಲೊವೆಲ್ ಕ್ರೇನ್. ಹೊಟ್ಟೆಪಾಡಿಗೆ ಮುಖ್ಯ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ, ಚಟಕ್ಕೆ ಊರಿನ ವಾರಪತ್ರಿಕೆಯಲ್ಲಿ ಒಂದು ನಗೆಬರಹದ ಅಂಕಣ. ನನ್ನನ್ನು ಕೌನ್ಸಿಲ್ಲಿಗೆ ಯಾಕೆ ಆರಿಸಿದಿರಿ ಎಂದು ಒಮ್ಮೆ ಊರವರನ್ನು ಕೇಳಿದಾಗ, "ಸಭೆ ಬೇಜಾರಾಗದೆ ಇರ್ಲಿ ಅಂತ" ಎಂದರು. ಬೇಜಾರಾಗದಂತೆ ನೋಡಿಕೊಂಡಿದ್ದೇನೆ. ಈಗ ಬರೆಯುತ್ತಿರುವುದೂ ಅದರ ಬಗ್ಗೆಯೇ.

ಆರ್ಡಿತ್ ಹುಟ್ಟಿದ್ದು ಉತ್ತರದ ಮೆನೊನೈಟ್ ಪಂಥದ ಒಕ್ಕಲು ಮನೆತನದಲ್ಲಿ. ಆಣೆ ಮಾಡದ, ಬಂದೂಕು ಹಿಡಿಯದ, ಸರ್ಕಾರದ ಎದುರು ಟೋಪಿ ತೆಗೆಯಲು ಒಂದು ಗಳಿಗೆ ಯೋಚಿಸುವ ಜನ. ನಮ್ಮೂರಿನ ಮರ್ಲ್ ಲೀಮನ್‌ನನ್ನು ಮದುವೆಯಾಗಿ ಬಂದರು. ಮರ್ಲ್ ನೀರಿನ ಮೀಟರು ಓದುವವನು. ಗಂಡನ ಜೊತೆ ನಮ್ಮ ಬ್ಯಾಪ್ಟಿಸ್ಟ್ ಚರ್ಚಿಗೆ ನಲವತ್ತು ವರ್ಷ ಬಂದರು. ಎಡಗಡೆ ಮೂರನೆಯ ಸಾಲು. ಹಳೆಯ ಕ್ಲರ್ಕಿನ ಅಕ್ಷರ ಅವನಿಗೇ ಅರ್ಥವಾಗದೆ ಎರಡು ಬೀದಿಗಳಿಗೆ ಒಂದೇ ಹೆಸರು ಬಿದ್ದ ವರ್ಷ, ಕೌನ್ಸಿಲ್ ಆರ್ಡಿತ್ ಅವರನ್ನು ಆ ಕುರ್ಚಿಯಲ್ಲಿ ಕೂರಿಸಿತು. ನದಿ ಉಕ್ಕಿ ಬಂದ ವಸಂತದಲ್ಲಿ ಅವರು ಮೊದಲು ಟೌನ್ ಹಾಲಿಗೆ ಓಡಿ ಪುಸ್ತಕಗಳನ್ನು ಮಹಡಿಗೆ ಹೊತ್ತರು. ಆಮೇಲೆ ಮನೆಗೆ ಹೋದರೆ ಅವರ ಸೋಫಾ ಪಕ್ಕದ ಬೀದಿಗೆ ತೇಲಿತ್ತು. "ಅದು ಹಳೇದು, ಹೋಗ್ಲಿ. ಈ ಊರಿನೋರು ಯಾವಾಗ ಏನು ಮಾತು ಕೊಟ್ರು ಅನ್ನೋದು ಮಾತ್ರ ತೇಲಿಹೋಗಬಾರದು," ಎಂದಿದ್ದರು.

ಅವರ ಬರವಣಿಗೆಯಲ್ಲಿ ವಿಶೇಷಣಗಳಿರಲಿಲ್ಲ. ನಾಯಿ ಪರವಾನಗಿಯ ವಿಷಯಕ್ಕೆ ಇಬ್ಬರು ಸದಸ್ಯರು ಕುರ್ಚಿ ಎತ್ತಿದ ದಿನದ ನಡಾವಳಿ ಹೀಗಿದೆ: 'ನಾಯಿಗಳ ಬಗ್ಗೆ ಚರ್ಚೆ ನಡೆಯಿತು. ಕುರ್ಚಿಗಳನ್ನು ಸ್ಥಳಾಂತರಿಸಲಾಯಿತು.' ಹಾಸ್ಯ ಬರೆಯುವುದು ನಾನು ಎಂದು ಊರು ತಿಳಿದಿತ್ತು.

ಕಳೆದ ಅಕ್ಟೋಬರಿನಲ್ಲಿ ಕೌನ್ಸಿಲ್ ಅಧ್ಯಕ್ಷ ರಸ್ ಹೋಲ್ಕಂಬ್ ಒಂದು ಠರಾವು ತಂದ. ರಸ್ ಟಯರ್ ಅಂಗಡಿಯವನು, ನಮ್ಮ ಚರ್ಚಿನಲ್ಲಿ ಪಾದ್ರಿಗೆ ನೆರವಾಗುವ ಡೀಕನ್. ಸಭೆಯ ಪ್ರಾರ್ಥನೆ ಇನ್ನು ಮೇಲೆ ಯೇಸುವಿನ ಹೆಸರಿನಲ್ಲೇ ನಡೆಯಬೇಕು, ಹಾಲ್‌ನಲ್ಲಿರುವ ಎಲ್ಲರೂ, ನೌಕರರೂ ಸೇರಿ, ಎದ್ದು ನಿಲ್ಲಬೇಕು. ಹೀಗೆ ಕಡ್ಡಾಯ ಮಾಡುವುದು ಕಾನೂನಿಗೆ ಸರಿಯೇ, ವಕೀಲರನ್ನು ಒಂದು ಮಾತು ಕೇಳೋಣ ಎಂದು ಒಬ್ಬ ಸದಸ್ಯರು ಅಂದರೆ, "ದೇವರ ವಿಷಯಕ್ಕೆ ವಕೀಲ ಯಾಕೆ?" ಎಂದ.

ಠರಾವಿನ ಮೂಲ ಎಲ್ಲರಿಗೂ ಗೊತ್ತಿತ್ತು. ಪ್ರಾರ್ಥನೆಯ ಹೊತ್ತಿನಲ್ಲಿ ಆರ್ಡಿತ್ ಏಳುವುದಿಲ್ಲ, ಮೇಜಿನ ಮುಂದೆ ಪೆನ್ನು ಹಿಡಿದು ಕೂತೇ ಇರುತ್ತಾರೆ ಎಂದು ರಸ್ ಕಂಡುಹಿಡಿದಿದ್ದ. ಇಪ್ಪತ್ತಾರು ವರ್ಷ ನಾವು ಯಾರೂ ಇದನ್ನು ನೋಡಿರಲಿಲ್ಲ. ನಮ್ಮೆಲ್ಲರ ಕಣ್ಣು ಮುಚ್ಚಿರುತ್ತಿತ್ತಲ್ಲ. ರಸ್ ನೋಡಿದ ಎಂದರೆ ಅವನ ಕಣ್ಣು ತೆರೆದಿತ್ತು ಎಂದಾಯಿತು. ಇಂಥ ಮಾತು ನನಗೆ ಮನೆಗೆ ಹೋದ ಮೇಲೆ ಹೊಳೆಯುತ್ತದೆ. ಧೈರ್ಯ ಬೇಕಾದ ಮಾತುಗಳೆಲ್ಲ ನನಗೆ ಹಾಗೇ.

ಆರ್ಡಿತ್ ಪೆನ್ನಿನ ಕ್ಯಾಪು ಹಾಕಿದರು. "ಬ್ರದರ್ ರಸ್, ಎದ್ದು ನಿಲ್ಲಿ ಅಂತ ಠರಾವು ಮಾಡಿದ್ರೆ ಅದು ಪ್ರಾರ್ಥನೆ ಆಗಲ್ಲ, ಹಾಜರಿ ಆಗುತ್ತೆ. ಹಾಜರಿ ನಾನಾಗ್ಲೇ ತಗೊಂಡಿದೀನಿ."

ಹಾಲ್‌ನಲ್ಲಿ ನಾಲ್ಕಾರು ಜನ ನಕ್ಕರು. ರಸ್ ನಗಲಿಲ್ಲ. "ಸಿಸ್ಟರ್ ಆರ್ಡಿತ್, ಈ ದೇಶ ಕಟ್ಟಿದೋರು ದೇವರಿಗೆ ಹೆದರೋ ಜನ. ದೇವರನ್ನ ಶಾಲೆಯಿಂದ ತೆಗೆದ್ರು, ಕೋರ್ಟಿಂದ ತೆಗೆದ್ರು. ಈ ಒಂದು ಹಾಲ್‌ನಲ್ಲಾದ್ರೂ ಉಳಿಸ್ಕೊಳ್ಳೋಣ ಅಂದ್ರೆ ನಮ್ಮೋರೇ ಅಡ್ಡ ಬರ್ತೀರಲ್ಲ."

"ತೆಗೆದು ಆಚೆ ಇಡೋಕೆ ಅವನೇನು ಬೆಂಚಾ?"

"ತಮಾಷೆ ಬೇಡ." ರಸ್‌ನ ದನಿ ಸ್ವಲ್ಪ ಇಳಿಯಿತು. "ನಮ್ಮಪ್ಪ ಇದೇ ಹಾಲ್‌ನಲ್ಲಿ ಪ್ರಾರ್ಥನೆ ಮಾಡ್ತಿದ್ದ. ಅಂಗಡಿ ಸುಟ್ಟುಹೋದ ವಾರಾನೂ ಬಂದು ಮಾಡ್ದ. ಈಗ ಅವನ ದನಿ ನೆನಪು ಮಾಡ್ಕೋಬೇಕು ಅಂದ್ರೆ ನನಗೆ ಇಲ್ಲಿ ಬಿಟ್ರೆ ಇನ್ನೆಲ್ಲೂ ನೆನಪಾಗಲ್ಲ. ಇದನ್ನ ಕಿತ್ಕೋತೀರಾ?"

ರಸ್‌ನನ್ನು ಖಳನಾಯಕ ಮಾಡಿ ಈ ಕಥೆ ಹೇಳಿಬಿಡೋಣ ಎಂದುಕೊಂಡಾಗಲೆಲ್ಲ ಈ ಮಾತು ಅಡ್ಡ ಬರುತ್ತದೆ.

"ಕಿತ್ಕೊಳ್ಳಲ್ಲ," ಎಂದರು ಆರ್ಡಿತ್. "ನೀವು ಮಾಡಿ, ನಾನು ಹೊತ್ತು ಬರ್ಕೋತೀನಿ. ಆದ್ರೆ ಎದ್ದು ನಿಲ್ಲು ಅನ್ನೋ ಕಾಯ್ದೆ ಬೇಡ. ನಮ್ಮ ಹಿರೀಕರೊಬ್ಬರನ್ನ ಸ್ವಿಟ್ಜರ್ಲೆಂಡಲ್ಲಿ ನದೀಲಿ ಮುಳುಗಿಸಿ ಕೊಂದ್ರು, ದೊಡ್ಡವರಾದ್ಮೇಲೆ ಮತ್ತೆ ದೀಕ್ಷಾಸ್ನಾನ ತಗೊಂಡ್ರು ಅಂತ. ಮುಳುಗಿಸಿದೋರು ನಾಸ್ತಿಕರಲ್ಲ, ಬ್ರದರ್ ರಸ್. ಅದೂ ಒಂದು ಟೌನ್ ಕೌನ್ಸಿಲ್ಲೇ. ಅವರೂ ಪ್ರಾರ್ಥನೆ ಮಾಡೇ ಸಭೆ ಶುರು ಮಾಡಿದ್ದು."

ಚರ್ಚೆಯನ್ನು ಮುಂದಿನ ತಿಂಗಳಿಗೆ ಹಾಕಲಾಯಿತು.

ಎರಡು ದಿನ ಬಿಟ್ಟು ಆರ್ಡಿತ್ ನನ್ನ ಅಂಗಡಿಗೆ ಬಂದರು. ನಲ್ಲಿಗೆ ಒಂದು ವಾಷರ್ ಬೇಕಿತ್ತು. ಅಳತೆ ಸರಿಯೇ ಎಂದು ಬೆಳಕಿಗೆ ಹಿಡಿದು ನೋಡುತ್ತ ಹೇಳಿದರು:

"ಲೊವೆಲ್, ಒಂದು ಮಾತು ಹೇಳ್ತೀನಿ. ನೀನು ವೋಟು ಹಾಕೋನು, ಅದಕ್ಕೆ ಹೇಳ್ತಿದೀನಿ. ನಮ್ಮ ತವರಲ್ಲಿ ಪ್ರಾರ್ಥನೆ ಅಂದ್ರೆ ಬಾಗಿಲು ಹಾಕ್ಕೊಂಡು ಮಾಡೋದು. ಅದು ಒಂದು. ಇನ್ನೊಂದು ಯಾರಿಗೂ ಹೇಳಿಲ್ಲ. ಮರ್ಲ್ ಹೋದ ಮೇಲೆ ನನಗೆ ಪ್ರಾರ್ಥನೆ ಬರ್ತಾನೇ ಇಲ್ಲ. ಎರಡು ವರ್ಷ ಆಯ್ತು. ಬಾಯಿ ತೆರೆದ್ರೆ ಅವನ ಹೆಸರು ಬರುತ್ತೆ, ದೇವರದ್ದು ಬರಲ್ಲ. ಸುಮ್ಮನೆ ಕೂತ್ಕೋತೀನಿ. ಅದನ್ನೇ ಪ್ರಾರ್ಥನೆ ಅಂತ ತಗೋತಾನೇನೋ ಅಂದ್ಕೊಂಡಿದೀನಿ."

ನಾನು ಏನೋ ಹೇಳಲು ಹೋದೆ. ಅವರು ಬಿಡಲಿಲ್ಲ.

"ಎಲ್ಲರ ಮುಂದೆ ಎದ್ದು ನಿಂತು, ಬರ್ತಾ ಇದೆ ಅನ್ನೋ ಥರ ತುಟಿ ಅಲ್ಲಾಡಿಸೋಕೆ ನನ್ನ ಕೈಲಾಗಲ್ಲ. ನಿಲ್ಲದೇ ಇದ್ರೆ ಕೆಲಸ ಹೋಗುತ್ತೆ. ಮನೇಲಿ ಮರ್ಲ್ ಇಲ್ಲ. ಆ ಮೇಜು ಒಂದಿದೆ ನನಗೆ. ಅಷ್ಟೇ ವಿಷಯ."

"ನಾನಿದೀನಲ್ಲ, ಆರ್ಡಿತ್. ನೀವು ಯೋಚನೆ ಮಾಡ್ಬೇಡಿ."

"ಪತ್ರಿಕೇಲಿ ಬರೀಬೇಡ ಮತ್ತೆ."

"ಛೇ. ಪತ್ರಿಕೇಲಾ?"

ಆ ಮಾತು ಉಳಿಸಿಕೊಂಡೆ. ಪತ್ರಿಕೆಯಲ್ಲಿ ಬರೆಯಲಿಲ್ಲ.

ನಮ್ಮ ಚರ್ಚಿನ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಚಾಡಿ ಹೇಳುವುದು ಪಾಪವೆಂದು ನಮಗೆ ಚಿಕ್ಕಂದಿನಲ್ಲೇ ಕಲಿಸಿದ್ದಾರೆ, ಆದ್ದರಿಂದ ನಾವು ಯಾರೂ ಹೇಳುವುದಿಲ್ಲ. ಬುಧವಾರದ ಪ್ರಾರ್ಥನಾ ಕೂಟದಲ್ಲಿ ತಲೆ ತಗ್ಗಿಸಿ, ದನಿ ತಗ್ಗಿಸಿ, 'ಇಂಥವರಿಗಾಗಿ ಪ್ರಾರ್ಥಿಸೋಣ' ಎನ್ನುತ್ತೇವೆ. ಯಾಕೆ ಎಂದು ತಿಳಿಯದೆ ಪ್ರಾರ್ಥಿಸುವುದು ಹೇಗೆ? ಹಾಗಾಗಿ ಕಾರಣವನ್ನೂ ಹೇಳುತ್ತೇವೆ. ಮರುದಿನ ಬೆಳಿಗ್ಗೆ ಪ್ರಾರ್ಥನಾ ಸರಪಳಿ ಶುರುವಾಗುತ್ತದೆ. ಸಿಸ್ಟರ್ ಬರ್ನೀಸ್ ಪಟ್ಟಿಯ ಮೊದಲ ಮನೆಗೆ ಫೋನು ಮಾಡುತ್ತಾರೆ, ಆ ಮನೆಯವರು ಎರಡನೆಯ ಮನೆಗೆ, ಹೀಗೆ ನಲವತ್ತು ಮನೆ. ಅಂಚೆಯವನು ಮೂರನೇ ಬೀದಿ ದಾಟುವಷ್ಟರಲ್ಲಿ ಊರಿಗೆ ಊರೇ ಪ್ರಾರ್ಥಿಸುತ್ತಿರುತ್ತದೆ.

ಅದರ ಮುಂದಿನ ಬುಧವಾರ ಪಾದ್ರಿಗಳು, "ಯಾರಿಗಾದ್ರೂ ಕೋರಿಕೆ ಇದೆಯಾ?" ಎಂದರು. ಒಬ್ಬರ ಮೊಣಕಾಲಾಯಿತು, ಇನ್ನೊಬ್ಬರ ಅಳಿಯನಾಯಿತು. ಎಲ್ಲರೂ ನನ್ನ ಕಡೆ ನೋಡಿದಂತಾಯಿತು. ಬಹುಶಃ ಯಾರೂ ನೋಡಿರಲಿಲ್ಲ. ಮುಂದಿನ ತಿಂಗಳ ವೋಟಿನಲ್ಲಿ ನಾನು ಆರ್ಡಿತ್ ಕಡೆ ನಿಂತರೆ ಈ ಬೆಂಚಿನವರು ಏನೆಂದುಕೊಳ್ಳುತ್ತಾರೋ ಎಂದು ವಾರದಿಂದ ಹೆದರಿಕೊಂಡಿದ್ದೆ. ಆರ್ಡಿತ್ ಅವರ ಕಷ್ಟ ತಿಳಿದರೆ ಎಲ್ಲರ ಮನಸ್ಸು ಕರಗೀತು, ನನ್ನ ದಾರಿಯೂ ಸುಲಭವಾದೀತು ಎಂದು ಲೆಕ್ಕ ಹಾಕಿದೆ. ಒಬ್ಬರು ಗುಟ್ಟಾಗಿ ಹೇಳಿದ್ದನ್ನು ತಿಳಿದವನೆಂಬ ಸಣ್ಣ ಬಿಂಕವೂ ಇತ್ತು. ತಲೆ ತಗ್ಗಿಸಿದೆ.

"ಸಿಸ್ಟರ್ ಆರ್ಡಿತ್‌ಗಾಗಿ ಪ್ರಾರ್ಥಿಸೋಣ. ಅವರಿಗೆ... ಪ್ರಾರ್ಥನೆ ಮಾಡೋದು ಕಷ್ಟ ಆಗ್ತಿದೆ."

"ಓ," ಎಂದರು ಸಿಸ್ಟರ್ ಬರ್ನೀಸ್, ಕಣ್ಣು ಮುಚ್ಚಿಕೊಂಡೇ.

ಪಟ್ಟಿಯ ಹತ್ತನೆಯ ಮನೆಯಲ್ಲಿ ಆರ್ಡಿತ್ ಪ್ರಾರ್ಥನೆ ಬಿಟ್ಟಿದ್ದರು. ಇಪ್ಪತ್ತನೆಯ ಮನೆಯಲ್ಲಿ ನಂಬಿಕೆ ಕಳೆದುಕೊಂಡಿದ್ದರು. ನಲವತ್ತನೆಯ ಮನೆ ನಮ್ಮದು. ಫೋನು ಇಟ್ಟು ನನ್ನ ಹೆಂಡತಿ ನೋರೀನ್ ಅಡುಗೆಮನೆಯಿಂದ ಹೇಳಿದಳು: "ಕೇಳಿದ್ರಾ? ಆರ್ಡಿತ್ ದೇವರೇ ಇಲ್ಲ ಅಂತಾರಂತೆ. ಯಾರೋ ಹೊರಗಿನ ವಕೀಲರು ಅವರ ಹಿಂದೆ ಇದಾರಂತೆ."

"ಯಾರು ಹಬ್ಬಿಸಿದ್ರೋ ಏನೋ," ಎಂದೆ. ಇದನ್ನೂ ಬರೆಯಬೇಕಾದ್ದರಿಂದ ಬರೆಯುತ್ತಿದ್ದೇನೆ.

ನಮ್ಮಲ್ಲಿ ಯಾರ ಮನೆಯಲ್ಲಾದರೂ ಸಾವಾದರೆ ಆಲೂಗಡ್ಡೆ, ಚೀಸು ಬೆರೆಸಿ, ಮೇಲೆ ಗರಿಗರಿ ಕಾರ್ನ್‌ಫ್ಲೇಕ್ಸ್ ಉದುರಿಸಿ, ಓವನ್ನಿನಲ್ಲಿ ಬೇಯಿಸಿ ಗಾಜಿನ ಬೋಗುಣಿಯಲ್ಲಿ ಕೊಂಡುಹೋಗಿ ಕೊಡುವುದು ವಾಡಿಕೆ. ಬೋಗುಣಿ ವಾಪಸು ಬರಲೆಂದು ತಳಕ್ಕೆ ಹೆಸರಿನ ಚೀಟಿ ಅಂಟಿಸಿರುತ್ತಾರೆ. ಒಂದು ಆತ್ಮ ಹೋಯಿತೆಂದು ನಲವತ್ತು ಮನೆ ನಂಬಿದ ಮೇಲೆ ನಮ್ಮ ಹೆಂಗಸರು ಸುಮ್ಮನಿರುತ್ತಾರೆಯೇ? ಗುರುವಾರ, ಶುಕ್ರವಾರ ಎರಡೇ ದಿನದಲ್ಲಿ ಆರ್ಡಿತ್ ಅವರ ಬಾಗಿಲಿಗೆ ಒಂಬತ್ತು ಬೋಗುಣಿ ಬಂದವು. ತಂದವರು ಕೈ ಒತ್ತಿದರು, ಕಣ್ಣೊರೆಸಿಕೊಂಡರು, ಏನೂ ಹೇಳದೆ ಹೋದರು.

ಶುಕ್ರವಾರ ಮಧ್ಯಾಹ್ನ ಅಂಗಡಿಗೆ ಫೋನು ಬಂತು.

"ಲೊವೆಲ್, ಯಾರು ಹೋದ್ರು?"

"ಅಂದ್ರೆ?"

"ಮನೇಲಿ ಒಂಬತ್ತು ಬೋಗುಣಿ ಇದೆ. ಎಲ್ಲಾ ಆಲೂಗಡ್ಡೆ. ನನ್ನ ತಂಗಿಗೆ ಫೋನ್ ಮಾಡ್ದೆ, ಅವಳು ಚೆನ್ನಾಗಿದಾಳೆ. ಮರ್ಲ್‌ನ ಅಣ್ಣನಿಗೆ ಮಾಡ್ದೆ, ಅವನೂ ಚೆನ್ನಾಗಿದಾನೆ. ಯಾರೂ ಬಾಯಿ ಬಿಡ್ತಿಲ್ಲ. ಇನ್ಯಾರಿಗೆ ಫೋನ್ ಮಾಡ್ಲಿ ಕಣೋ. ಯಾರು ಸತ್ತಿದ್ದು ಹೇಳು."

ಹೇಳಬಹುದಿತ್ತು. "ವಿಚಾರಿಸ್ತೀನಿ ಇರಿ," ಎಂದು ಫೋನು ಇಟ್ಟೆ. ಮೊಳೆಯ ಡಬ್ಬಿಗಳನ್ನು ಸಂಜೆಯವರೆಗೆ ಜೋಡಿಸಿದೆ. ಅವು ಮೊದಲೇ ಜೋಡಿಸಿದ್ದವು.

ಆದರೆ ಅವರು ಕ್ಲರ್ಕು. ಬೋಗುಣಿಗಳನ್ನು ಖಾಲಿ ಮಾಡಿ ಮೇಜಿನ ಮೇಲೆ ಮಗುಚಿ, ತಳದ ಹೆಸರುಗಳನ್ನು ಓದಿ, ಬಂದ ಹೊತ್ತಿನ ಪ್ರಕಾರ ಸಾಲಾಗಿ ಇಟ್ಟರಂತೆ. ಮೊದಲನೆಯದು ಬರ್ನೀಸ್. ಎಲ್ಲವೂ ನಮ್ಮ ಚರ್ಚಿನವೇ, ಊರಿನ ಇನ್ನೊಂದು ಚರ್ಚಿನ ಮೆಥಡಿಸ್ಟರದ್ದು ಒಂದೂ ಇಲ್ಲ. ಅಂದರೆ ಬುಧವಾರದ ಕೂಟ. ಕೂಟದಲ್ಲಿ ಇದ್ದವರಲ್ಲಿ ತಾವು ಗುಟ್ಟು ಹೇಳಿಕೊಂಡವರ ಪಟ್ಟಿಯಲ್ಲಿ ಒಂದೇ ಹೆಸರು. ಒಂಬತ್ತನೆಯ ಬೋಗುಣಿಯ ತಳದಲ್ಲೂ ಅದೇ ಮನೆಯ ಹೆಸರು: ನೋರೀನ್ ಕ್ರೇನ್.

ಸೋಮವಾರ ಅದನ್ನು ತೊಳೆದು ಒರೆಸಿ ಅಂಗಡಿಗೆ ತಂದು ಕೌಂಟರಿನ ಮೇಲೆ ಇಟ್ಟರು.

"ನೋರೀನ್‌ಗೆ ಹೇಳು, ಉಪ್ಪು ಸರಿಯಾಗಿತ್ತು ಅಂತ." ಬಾಗಿಲವರೆಗೆ ಹೋಗಿ ನಿಂತರು. "ಯಾರು ಹೋದ್ರು ಅಂತ ಗೊತ್ತಾಯ್ತು, ಲೊವೆಲ್. ನೀನಿನ್ನು ವಿಚಾರಿಸಬೇಡ."

ನವೆಂಬರಿನಲ್ಲಿ ಠರಾವು ನಾಲ್ಕು–ಒಂದರಲ್ಲಿ ಪಾಸಾಯಿತು. ಆ ಒಂದು ನನ್ನದಲ್ಲ. ಊರು ಆಗಲೇ ಬಿಸಿಯಾಗಿದೆ, ಈಗ ವಿರೋಧಿಸಿದರೆ ಆರ್ಡಿತ್‌ಗೇ ತೊಂದರೆ ಎಂದು ನನಗೆ ನಾನೇ ವಿವರಿಸಿಕೊಂಡಿದ್ದೆ. ವಿವರಣೆ ಕೊಡುವವನೂ ಒಪ್ಪುವವನೂ ಒಬ್ಬನೇ ಆದರೆ ಕೆಲಸ ಬೇಗ ಮುಗಿಯುತ್ತದೆ.

ಡಿಸೆಂಬರಿನ ಸಭೆಗೆ ಹಾಲ್ ತುಂಬಿತ್ತು. ರಸ್, "ಎಲ್ಲರೂ ಎದ್ದು ನಿಲ್ಲಿ" ಎಂದ. ಕುರ್ಚಿಗಳ ಸದ್ದಾಯಿತು. ಆರ್ಡಿತ್ ಕೂತೇ ಇದ್ದರು. ಈ ಸಲ ಯಾರೂ ಕಣ್ಣು ಮುಚ್ಚಲಿಲ್ಲ. ರಸ್‌ನ ಪ್ರಾರ್ಥನೆಯುದ್ದಕ್ಕೂ ಇಡೀ ಹಾಲ್ ಒಬ್ಬ ಅರವತ್ತೆಂಟರ ಹೆಂಗಸನ್ನು ನೋಡುತ್ತ ನಿಂತಿತ್ತು. ಅವರು ಗಡಿಯಾರ ನೋಡಿ ಹೊತ್ತು ಬರೆದುಕೊಂಡರು.

ಡಿಸೆಂಬರಿನಲ್ಲಿ ಮರುವರ್ಷದ ನೇಮಕಾತಿ. 'ಕ್ಲರ್ಕ್: ಆರ್ಡಿತ್ ಲೀಮನ್, ಮುಂದುವರಿಕೆ' ಎಂದು ಪ್ರತಿ ವರ್ಷ ಅರ್ಧ ನಿಮಿಷದಲ್ಲಿ ಮುಗಿಯುತ್ತಿದ್ದ ಸಾಲು. ಐದರಲ್ಲಿ ಮೂರು ಕೈ ಬೇಕು. ಇಬ್ಬರು ಇರಲಿ ಎಂದರು. ರಸ್ ಮತ್ತು ಇನ್ನೊಬ್ಬ ಬೇಡ ಎಂದರು.

"ಬ್ರದರ್ ಲೊವೆಲ್, ನೀವೇನಂತೀರಿ?" ಎಂದ ರಸ್.

ಎದ್ದೆ. ಸರಿಯಾದದ್ದನ್ನು ಹೇಳಬೇಕೆಂದೇ ಎದ್ದದ್ದು, ಇದನ್ನಾದರೂ ನಂಬಿ. ಎದುರಿಗೆ ನಲವತ್ತು ಮನೆಗಳು ಕೂತಿದ್ದವು. ಹಾಲ್ ನಿಶ್ಶಬ್ದವಾಗಿತ್ತು. ನಿಶ್ಶಬ್ದವೆಂದರೆ ನನಗೆ ಆಗದು. ಇಪ್ಪತ್ತು ವರ್ಷದಿಂದ ಅದನ್ನು ಕಂಡಲ್ಲೆಲ್ಲ ಒಂದು ನಗೆಮಾತು ಎಸೆಯುವುದೇ ನನ್ನ ಕಸುಬು.

"ಈ ಊರಿನ ಅರ್ಜಿ ಒಂದೂ ಮೇಲಿಂದ ಮಂಜೂರಾಗಿ ಬಂದಿಲ್ಲವಲ್ಲ, ಯಾಕೆ ಅಂತ ಇಷ್ಟು ವರ್ಷ ತಲೆ ಕೆಡಿಸ್ಕೊಂಡಿದ್ದೆ," ಎಂದೆ. "ಈಗ ಗೊತ್ತಾಯ್ತು ನೋಡಿ. ಫೈಲು ಕ್ಲರ್ಕ್ ಟೇಬಲ್ಲಲ್ಲೇ ನಿಂತುಬಿಟ್ಟಿದೆ."

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ರಸ್ ಕೂಡ ನಕ್ಕ. ನಗೆ ನಿಂತ ಮೇಲೆ ಹೇಳಬೇಕಾದ ಮಾತು ಬಾಯಿಗೆ ಬರಲಿಲ್ಲ. ಅದರ ಜಾಗ ಹೋಗಿತ್ತು.

"ನಾನು ತಟಸ್ಥ," ಎಂದು ಕೂತೆ.

ಎರಡು–ಎರಡು. ಮೂರನೆಯ ಕೈ ಇಲ್ಲ. ಸೂಚನೆ ಬಿದ್ದುಹೋಯಿತು. ಆರ್ಡಿತ್ ತಮ್ಮ ಕೆಲಸ ಹೋದದ್ದನ್ನು ಬರೆದರು, ಹೊತ್ತು ಹಾಕಿದರು, ಸಹಿ ಮಾಡಿದರು, ಪೆನ್ನನ್ನು ಕೈಚೀಲಕ್ಕೆ ಹಾಕಿಕೊಂಡರು. ಪೆನ್ನು ಅವರ ಸ್ವಂತದ್ದು. ಬೀರುವಿನ ಬೀಗದಕೈಯನ್ನು ರಸ್‌ನ ಮುಂದಿಟ್ಟು, "ಕೆಳಗಿನ ಖಾನೆ ಸ್ವಲ್ಪ ಎತ್ತಿ ಎಳೀಬೇಕು" ಎಂದರು.

ಜನವರಿಯಲ್ಲಿ ಹೊಸ ಕ್ಲರ್ಕ್ ಆಗಿ ರಸ್‌ನ ನಾದಿನಿ ಬಂದಳು. ಸಭೆಯ ಮೊದಲ ಕೆಲಸ ಹಿಂದಿನ ನಡಾವಳಿಯನ್ನು ಓದುವುದು. ಆ ದುಂಡು ಅಕ್ಷರವನ್ನು ಅವಳು ಗಟ್ಟಿಯಾಗಿ ಓದತೊಡಗಿದಾಗ ನಾನು ನನ್ನ ಬೂಟುಗಳನ್ನು ನೋಡುತ್ತ ಕೂತೆ. ನನ್ನ ಮಾತು ಈಗ ಬರುತ್ತದೆ, ಶಾಶ್ವತವಾಗಿ, ತಾರೀಖಿನ ಸಮೇತ. ಬರಲಿ ಎಂದುಕೊಂಡೆ; ಒಂದು ರೀತಿಯಲ್ಲಿ ಅದಕ್ಕೇ ಕಾಯುತ್ತಿದ್ದೆ.

"'ಕ್ಲರ್ಕ್ ನೇಮಕಾತಿ. ಶ್ರೀ ಕ್ರೇನ್ ಮಾತನಾಡಿದರು. ಪರ ಎರಡು, ವಿರುದ್ಧ ಎರಡು, ತಟಸ್ಥ ಒಂದು. ಸೂಚನೆ ಬಿದ್ದಿತು,'" ಎಂದು ಓದಿ ಅವಳು ಹಾಳೆ ತಿರುವಿದಳು.

ಅಷ್ಟೇ. ಶ್ರೀ ಕ್ರೇನ್ ಮಾತನಾಡಿದರು.

"ತಿದ್ದುಪಡಿ ಏನಾದ್ರೂ ಇದೆಯಾ?" ಎಂದ ರಸ್. ಯಾರೂ ಉತ್ತರ ಕೊಡದ ಪ್ರಶ್ನೆ ಅದು. ಇಪ್ಪತ್ತಾರು ವರ್ಷದಲ್ಲಿ ಆರ್ಡಿತ್ ಬರೆದದ್ದಕ್ಕೆ ಒಂದು ತಿದ್ದುಪಡಿಯೂ ಬಂದಿರಲಿಲ್ಲ.

ನಾನು ಕೈ ಎತ್ತಿದೆ. ಹಿಂದಿನ ಸಾಲಿನಲ್ಲಿ, ಚಳಿಗಾಲದ ಕೋಟು ತೆಗೆಯದೆ, ಆರ್ಡಿತ್ ಕೂತಿದ್ದರು.

"ಇದೆ. ನಾನು ಏನು ಮಾತಾಡ್ದೆ ಅನ್ನೋದು ಬಿಟ್ಟುಹೋಗಿದೆ. ಕ್ಲರ್ಕ್ ಬಗ್ಗೆ ಒಂದು ತಮಾಷೆ ಮಾಡ್ದೆ. ಅದನ್ನ ಸೇರಿಸ್ಬೇಕು. ಅವರು ನನ್ನನ್ನ ನಂಬಿ ಹೇಳಿದ ಮಾತನ್ನ ಬುಧವಾರದ ಕೂಟದಲ್ಲಿ ಹೇಳಿದೋನೂ ನಾನೇ. ಅದನ್ನೂ ಸೇರಿಸ್ಬೇಕು."

ಯಾರೋ ನಕ್ಕರು. ನಾನು ಬಾಯಿ ತೆರೆದರೆ ನಗುವುದು ಅವರಿಗೆ ರೂಢಿ. ಇನ್ನೂ ನಗೆ ಬರಲಿದೆಯೆಂದು ನಾಲ್ಕು ಜನ ಮುಂದಕ್ಕೆ ಬಾಗಿದರು.

"ಇಲ್ಲ, ನಿಜವಾಗ್ಲೂ," ಎಂದೆ. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಸಿಸ್ಟರ್ ಬರ್ನೀಸ್ ಮಾತ್ರ ನಗಲಿಲ್ಲ.

ರಸ್ ನನ್ನ ಮುಖ ನೋಡಿದ. ಅವನಿಗೆ ಅರ್ಥವಾಯಿತು ಎಂದೇ ನನಗನ್ನಿಸಿತು. "ಬುಧವಾರದ ಕೂಟ ಕೌನ್ಸಿಲ್ಲಿಗೆ ಸೇರಲ್ಲ, ಬ್ರದರ್," ಎಂದ ಮೆಲ್ಲಗೆ. "ಮೊದಲನೇದಕ್ಕೆ ಅನುಮೋದಕರು ಬೇಕು. ಯಾರಾದ್ರೂ ಇದೀರಾ?"

ನಾನು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಆರ್ಡಿತ್ ಪರ ಕೈ ಎತ್ತಿದ್ದ ಇಬ್ಬರೂ ಮೇಜನ್ನು ನೋಡುತ್ತಿದ್ದರು. ನನ್ನ ಕೆಲಸಕ್ಕೆ ತಮ್ಮ ಹೆಸರು ಸೇರಿಸುವುದು ಅವರಿಗೆ ಬೇಕಿರಲಿಲ್ಲ. ಒಂದು ತಿಂಗಳ ಹಿಂದೆ ಆರ್ಡಿತ್ ವಿಷಯದಲ್ಲಿ ನನಗೂ ಹಾಗೇ ಅನ್ನಿಸಿತ್ತು.

"ಅನುಮೋದಕರು ಇಲ್ಲ. ನಡಾವಳಿ ಇದ್ದ ಹಾಗೇ ಅಂಗೀಕಾರ," ಎಂದ ರಸ್.

ಸಭೆ ಮುಗಿದ ಮೇಲೆ ಬಾಗಿಲ ಬಳಿ ಅವರನ್ನು ಹಿಡಿದೆ. "ಆರ್ಡಿತ್, ನೀವು ಅದನ್ನ ಬರೀಬಹುದಿತ್ತು. ಬಿಟ್ಟುಬಿಟ್ರಿ. ನನ್ನ ಮರ್ಯಾದೆ ಉಳಿಸಿದ್ರಿ. ನಾನು ಅದಕ್ಕೆ..."

ಅವರು ಕೈಗವಸು ಹಾಕಿಕೊಳ್ಳುತ್ತಿದ್ದರು. "ಮರ್ಯಾದೆಗಲ್ಲ, ಲೊವೆಲ್. ನಗೆಮಾತನ್ನ ನಾನು ಯಾವತ್ತೂ ಬರ್ಕೊಂಡಿಲ್ಲ. ಸಭೆಯ ಕೆಲಸಕ್ಕೆ ಸಂಬಂಧಪಟ್ಟದ್ದು ಅಷ್ಟೇ ಬರೆಯೋದು."

"ಅದು ಸಂಬಂಧಪಟ್ಟಿತ್ತು. ಅದರಿಂದಾನೇ ನಿಮ್ಮ ಕೆಲಸ ಹೋಗಿದ್ದು."

"ಇಲ್ಲ. ನಿನ್ನ ಕೈ ಮೇಲೆ ಏಳಲಿಲ್ಲ, ಅದರಿಂದ ಹೋಗಿದ್ದು. ಅದನ್ನ ಬರ್ದಿದೀನಿ."

ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟಿತ್ತು. ತೋಳು ಚಾಚಿದೆ. ಅವರು ಕಂಬಿ ಹಿಡಿದು ಇಳಿದು ಹೋದರು.

ಫೆಬ್ರವರಿಯ ಸಭೆಗೆ ಅವರು ಬರಲಿಲ್ಲ. ಆ ತಿಂಗಳು ನಾನು ಕೂತೇ ಇರಬೇಕೆಂದು ಮನೆಯಲ್ಲೇ ನಿಶ್ಚಯಿಸಿದ್ದೆ. ನೋರೀನ್‌ಗೂ ಹೇಳಿದ್ದೆ. ದಾರಿಯುದ್ದಕ್ಕೂ, ಕೂತೇ ಇರುವುದು ಎಷ್ಟು ಸುಲಭ, ಏನೂ ಮಾಡಬೇಕಾಗಿಲ್ಲವಲ್ಲ ಎಂದು ಹೇಳಿಕೊಂಡು ಹೋದೆ. ರಸ್, "ಎಲ್ಲರೂ ಎದ್ದು ನಿಲ್ಲಿ" ಎಂದ. ಕುರ್ಚಿಗಳ ಸದ್ದಾಯಿತು. ಅದರಲ್ಲಿ ಒಂದು ನನ್ನದು.

ಹೊಸ ಕ್ಲರ್ಕಿನ ಅಕ್ಷರ ಅಷ್ಟೇನೂ ಚೆನ್ನಾಗಿಲ್ಲ, ಆದರೆ ಓದಲು ಬರುತ್ತದೆ. 'ಪ್ರಾರ್ಥನೆ: ಬ್ರದರ್ ರಸ್. ಎಲ್ಲರೂ ಎದ್ದು ನಿಂತರು.' ಮಾರ್ಚಿನಲ್ಲಿ ಅದನ್ನು ಓದಿ, ತಿದ್ದುಪಡಿ ಏನಾದರೂ ಇದೆಯಾ ಎಂದು ಕೇಳಿದರು. ನಾನು ಇಲ್ಲ ಎಂದೆ. ಇರಲಿಲ್ಲ.